ಲೋಟ ಯಾರ ಕೈಯಲ್ಲಿ?

ಜಯನಗರ ನಾಲ್ಕನೇ ಬ್ಲಾಕಿನಿಂದ ಮೊಮ್ಮಗಳಿಗೆಂದು ಪುಟ್ಟ ಸ್ಟೀಲ್ ಲೋಟ ತಂದೆ. ಅವಳಿಗೀಗ ಒಂಬತ್ತು ತಿಂಗಳು. ಎರಡು ಗುಟುಕು ನೀರು ಒಳಗೆ ಹೋಯಿತು, ಉಳಿದದ್ದೆಲ್ಲ ಅಂಗಿಯ ಮೇಲೆ. "ಒಳಲೆಯಲ್ಲೇ ಹಾಕಿಬಿಡಮ್ಮ, ಬೇಗ ಆಗುತ್ತೆ" ಎಂದಳು ಮಗಳು.

ಬೇಗ ಆಗುತ್ತದೆ, ನಿಜ. ಮಗಳು ಹುಟ್ಟಿದ್ದು 1992ರಲ್ಲಿ. ಹಾಲಿನ ಬಾಟಲಿಯ ಜಾಹೀರಾತನ್ನು ನಿಷೇಧಿಸುವ ಕಾಯಿದೆ ಬಂದದ್ದೂ ಅದೇ ವರ್ಷ. ನಮ್ಮ ಮನೆಗೆ ಬಾಟಲಿ ಬರಲೇ ಇಲ್ಲ. ಅವಳನ್ನು ಕಾಲಮೇಲೆ ಮಲಗಿಸಿಕೊಂಡು, ಕೈ ಹಿಡಿದು, ಒಳಲೆಯ ಮೂತಿಯನ್ನು ಬಾಯಿಗಿಡುತ್ತಿದ್ದೆ. ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ. ಸಾಕೆಂದು ಮುಖ ತಿರುಗಿಸಿದರೂ ಬಿಡುತ್ತಿರಲಿಲ್ಲ. ಮುಂದೆ ಅವಳು ಏನು ಓದಬೇಕೆಂಬುದನ್ನೂ ಹಾಗೆಯೇ ಕುಡಿಸಿದೆ. ಅದನ್ನು ಪ್ರೀತಿ ಎಂದೇ ತಿಳಿದಿದ್ದೆ. ಪ್ರೀತಿಯೇನೋ ಹೌದು, ಆದರೆ ಅದರಲ್ಲಿ ಅವಳ ಪಾಲಿನ ಕೆಲಸವನ್ನೂ ನಾನೇ ಮಾಡಿಬಿಟ್ಟಿದ್ದೆ.

ಲೋಟದ ರೀತಿಯೇ ಬೇರೆ. ಮಗುವನ್ನು ನೆಟ್ಟಗೆ ಕೂರಿಸಿ, ಅಂಚನ್ನು ಕೆಳತುಟಿಗೆ ತಾಗಿಸಿ, ತುಸು ಓರೆ ಮಾಡಿ ಕಾಯಬೇಕು. ಸುರಿದರೆ ನೆತ್ತಿ ಹತ್ತುತ್ತದೆ. ಹೀರುವುದೂ ನಿಲ್ಲಿಸುವುದೂ ಮಗುವಿನ ಕೆಲಸ.

ಈಗ ನೆಲಕ್ಕೆ ಹಳೆಯ ಪಂಚೆ ಹಾಸಿ, ಎರಡೇ ಚಮಚ ನೀರು ಹಾಕಿ, ಲೋಟವನ್ನು ಅವಳ ಕೈಗೇ ಕೊಡುತ್ತೇನೆ. ಮಗಳು ನೋಡುತ್ತಾ ನಿಲ್ಲುತ್ತಾಳೆ, ಏನೂ ಹೇಳುವುದಿಲ್ಲ. ಚೆಲ್ಲಿದ್ದನ್ನು ಒರೆಸುವುದಷ್ಟೇ ನನ್ನ ಪಾಲು.