ತೋಳಿನ ಮೇಲಣ ಬಿಲ್ಲೆಯೂ ಉಪವಾಸದ ಸಂಕಲ್ಪವೂ

ಉಪವಾಸವೆಂದರೆ ಬರಿಯ ಹಸಿವಲ್ಲ. ಚತುರ್ವಿಧ ಆಹಾರವನ್ನು ತ್ಯಜಿಸಿ ಆತ್ಮದ ಸಮೀಪದಲ್ಲಿ ವಾಸಿಸುವುದು. ಆದರೆ ಮಧುಮೇಹಿಯಾದ ಶ್ರಾವಕನು ಈ ವ್ರತವನ್ನು ಹೇಗೆ ಪಾಲಿಸಬೇಕು? ಹೂಟಗಳ್ಳಿಯ ನಮ್ಮ ನೆರೆಮನೆಯಲ್ಲಿ ಕಳೆದ ಒಂದು ರಾತ್ರಿ ಈ ಪ್ರಶ್ನೆಯನ್ನು ನನ್ನ ಮುಂದಿಟ್ಟಿತು.

ಆ ಮನೆಯ ಹಿರಿಯರು ಕಾರ್ಖಾನೆಯಿಂದ ನಿವೃತ್ತರಾದವರು. ಅಷ್ಟಮಿ, ಚತುರ್ದಶಿಗಳ ಉಪವಾಸವನ್ನು ಯೌವನದಿಂದಲೂ ನಡೆಸಿಕೊಂಡು ಬಂದವರು. ಈಚೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು. ಮಗನು ಅವರ ತೋಳಿಗೆ ನಾಣ್ಯದಗಲದ ಬಿಲ್ಲೆಯೊಂದನ್ನು ಅಂಟಿಸಿದ್ದನು. ಇಂಥವುಗಳಲ್ಲಿ ಒಂದಾದ ಫ್ರೀಸ್ಟೈಲ್ ಲಿಬ್ರೆ 2014ರಲ್ಲಿ ಯೂರೋಪಿನಲ್ಲಿ ಮಾರಾಟಕ್ಕೆ ಬಂದಿತು. ಬಿಲ್ಲೆಯ ಸಣ್ಣ ತಂತು ಚರ್ಮದಡಿಯಲ್ಲಿದ್ದು, ಜೀವಕೋಶಗಳ ನಡುವಣ ದ್ರವದಲ್ಲಿರುವ ಸಕ್ಕರೆಯನ್ನು ಸುಮಾರು 14 ದಿನ ಅಳೆಯುತ್ತದೆ. ಅಂಕಿ ಫೋನಿನಲ್ಲಿ ಕಾಣುತ್ತದೆ.

ಅಷ್ಟಮಿಯ ರಾತ್ರಿ 3 ಗಂಟೆಗೆ ಫೋನು ಎಚ್ಚರಿಸಿತು: 58. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಇಳಿದರೆ ಒಡನೆಯೇ ಉಪಚಾರ ಬೇಕು. 54ಕ್ಕಿಂತ ಇಳಿದರೆ ಅಪಾಯ ಗಂಭೀರ. ತೋಳನ್ನು ಒತ್ತಿ ಮಲಗಿದಾಗ ಬಿಲ್ಲೆ ಸುಳ್ಳು ಅಂಕಿ ತೋರುವುದುಂಟು. ಆದುದರಿಂದ ಸೊಸೆ ಬೆರಳಿನ ರಕ್ತವನ್ನೂ ಪರೀಕ್ಷಿಸಿದಳು. ಅಂಕಿ ನಿಜವೇ ಆಗಿತ್ತು.

“ಇನ್ನೇನು ಬೆಳಗಾಗುತ್ತದೆಯಮ್ಮಾ, ತಡೆದುಕೊಳ್ಳುತ್ತೇನೆ.”

“ಮಾವ, ನಿಮ್ಮ ಕೈ ನಡುಗುತ್ತಿದೆ.”

ಹಿರಿಯರು ಸಕ್ಕರೆ ನೀರು ಕುಡಿದರು. ಮುಂಜಾನೆ ನನ್ನ ಬಳಿ ಬಂದು, “ಉಪವಾಸವೂ ಹೋಯಿತು, ರಾತ್ರಿಭೋಜನತ್ಯಾಗವೂ ಹೋಯಿತು. ಈ ಬಿಲ್ಲೆ ಇಲ್ಲದಿದ್ದರೆ ತಿಳಿಯುತ್ತಲೇ ಇರಲಿಲ್ಲ” ಎಂದು ಕಣ್ಣೀರಿಟ್ಟರು.

ಬಿಲ್ಲೆ ಆಹಾರವಲ್ಲ, ಅದನ್ನು ಧರಿಸುವುದರಿಂದ ಉಪವಾಸಕ್ಕೆ ಭಂಗವಿಲ್ಲ. ಅದು ತಿಳಿವನ್ನಷ್ಟೇ ಕೊಡುತ್ತದೆ. ತಿಳಿಯದಿದ್ದರೆ ದೋಷವಿಲ್ಲವೆನ್ನುವುದು ಸರಿಯೆ? ಪ್ರಮಾದದಿಂದ ಪ್ರಾಣಕ್ಕೆ ಘಾತವಾಗುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಆ ಪ್ರಾಣ ನಮ್ಮದೇ ಆದರೂ ಪ್ರಮಾದವು ಪ್ರಮಾದವೇ. ಇದನ್ನು ಸಲ್ಲೇಖನದೊಡನೆ ಬೆರೆಸಲಾಗದು. ಅದು ಅಂತ್ಯಕಾಲದಲ್ಲಿ ವಿಚಾರಪೂರ್ವಕವಾಗಿ ಕೈಗೊಳ್ಳುವ ವ್ರತ.

ಹಾಗಾದರೆ ವ್ರತ ಮುರಿಯಲಿಲ್ಲವೆ? ಮುರಿಯಿತು. ಹಾಗೆಂದು ಒಪ್ಪಿಕೊಂಡು ಪ್ರಾಯಶ್ಚಿತ್ತ ಮಾಡಿಕೊಳ್ಳುವುದೇ ಪ್ರಾಮಾಣಿಕತೆ. ಆದರೆ ತಪ್ಪು ನಡೆದದ್ದು ರಾತ್ರಿಯ ಲೋಟದಲ್ಲಲ್ಲ, ಹಿಂದಿನ ದಿನದ ಸಂಕಲ್ಪದಲ್ಲಿ. ವೈದ್ಯರನ್ನು ಕೇಳದೆ, ಉಣ್ಣುವ ದಿನದ ಇನ್ಸುಲಿನ್ ಪ್ರಮಾಣವನ್ನೇ ಉಪವಾಸದ ದಿನವೂ ತೆಗೆದುಕೊಂಡಿದ್ದರು. ಷೋಡಶ ಭಾವನೆಗಳಲ್ಲಿ ತಪಸ್ಸಿಗೆ “ಶಕ್ತಿತಃ” ಎಂಬ ಮಾತು ಸೇರಿರುವುದು ಸುಮ್ಮನೆಯಲ್ಲ. ಶಕ್ತಿಯನ್ನು ಅಡಗಿಸುವುದು ಎಷ್ಟು ತಪ್ಪೋ, ಇಲ್ಲದ ಶಕ್ತಿಯನ್ನು ಇದೆಯೆಂದು ಭಾವಿಸುವುದೂ ಅಷ್ಟೇ ತಪ್ಪು. ಅದರ ಹಿಂದೆ ಮಾನಕಷಾಯ ಅಡಗಿರಬಹುದು.

ಬಾಹ್ಯತಪಸ್ಸುಗಳು ಆರು, ಅನಶನವು ಅವುಗಳಲ್ಲಿ ಒಂದು ಮಾತ್ರ. ಅವಮೌದರ್ಯವಿದೆ, ರಸಪರಿತ್ಯಾಗವಿದೆ. ಆದರೆ ವೈದ್ಯರು ನಿಷೇಧಿಸಿದ ಸಕ್ಕರೆಯನ್ನು ಬಿಟ್ಟರೆ ಮಧುಮೇಹಿಗೆ ಅದು ರಸಪರಿತ್ಯಾಗವಾಗದು. ತಾನು ಬಯಸುವ ತುಪ್ಪವನ್ನೋ ಉಪ್ಪನ್ನೋ ಬಿಡಬೇಕು.

ಮುಂದಿನ ಚತುರ್ದಶಿಗೆ ಹಿರಿಯರು ವೈದ್ಯರ ಸಲಹೆ ಪಡೆದು, ಹಗಲಿನಲ್ಲಿ ಉಪ್ಪಿಲ್ಲದ ಏಕಭುಕ್ತವನ್ನು ಕೈಗೊಂಡರು. ಸಕ್ಕರೆ ಇಳಿದರೆ ಉಪಚಾರ ಪಡೆಯುವೆನೆಂಬುದನ್ನೂ ಸಂಕಲ್ಪದಲ್ಲಿಯೇ ಸೇರಿಸಿದರು. ವ್ರತವು ಚಿಕ್ಕದಾಯಿತೆಂದು ಅವರಿಗೆ ಅಳುಕಿತ್ತು. ಪಾಲಿಸಲಾಗುವ ಚಿಕ್ಕ ವ್ರತವು, ಪಾಲಿಸಲಾಗದ ದೊಡ್ಡ ವ್ರತಕ್ಕಿಂತ ಶ್ರೇಯಸ್ಕರವಲ್ಲವೆ?