ಜಂಗಮವಾಣಿಯೂ ನುಡಿಯ ಸಂಯಮವೂ



ಕಿಸೆಯಲ್ಲಿಟ್ಟು ತಿರುಗುವ ದೂರವಾಣಿಯನ್ನು ಲೋಕವು ಮೊಬೈಲ್ ಎಂದು ಕರೆಯುತ್ತದೆ. ಕನ್ನಡದಲ್ಲಿ ಅದಕ್ಕೆ ‘ಜಂಗಮವಾಣಿ’ ಎಂಬ ಹೆಸರೂ ಉಂಟು. ಒಂದೆಡೆ ನಿಲ್ಲದೆ ಚಲಿಸುವುದಾದುದರಿಂದ ಆ ಹೆಸರು ಒಪ್ಪತಕ್ಕುದೇ. ಆದರೆ ಜಂಗಮವೆಂಬ ಶಬ್ದವನ್ನು ಕೇಳಿದಾಗ ಶರಣಮಾರ್ಗದವರಾದ ನಾವು ಚಲನೆಯೊಂದನ್ನೇ ಭಾವಿಸುವುದಿಲ್ಲ. ಜಂಗಮವು ಹೋದೆಡೆಯಲ್ಲೆಲ್ಲ ಹಿತವನ್ನುಂಟುಮಾಡತಕ್ಕುದು. ನಮ್ಮ ಕೈಯಲ್ಲಿರುವ ಈ ವಾಣಿಯು ಆ ಹೆಸರಿಗೆ ತಕ್ಕಂತೆ ನಡೆಯುತ್ತಿದೆಯೇ ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಭಾರತದಲ್ಲಿ ಮೊದಲ ಮೊಬೈಲ್ ಕರೆಯು 1995ನೆಯ ಇಸವಿ ಜುಲೈ 31ರಂದು ಕಲ್ಕತ್ತೆಯಿಂದ ದಿಲ್ಲಿಗೆ ಹೋಯಿತು. ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೇಂದ್ರಮಂತ್ರಿ ಸುಖರಾಮರೊಡನೆ ಮಾತನಾಡಿದರು. ಆ ಕಾಲದಲ್ಲಿ ಬಂದ ಕರೆಗೂ ಹಣ ತೆರಬೇಕಾಗಿದ್ದುದರಿಂದ ಜನರು ಮಾತನ್ನು ಅಳೆದು ಆಡುತ್ತಿದ್ದರು. 2003ರಲ್ಲಿ ಬರುವ ಕರೆಯ ಶುಲ್ಕವು ನಿಂತಿತು. ಅಲ್ಲಿಂದ ಮಾತು ಅಗ್ಗವಾಯಿತು. ಅಗ್ಗವಾದುದನ್ನು ಚೆಲ್ಲಾಡುವುದು ಮನುಷ್ಯಸ್ವಭಾವ.

ಇಂದು ಬಸ್ಸನ್ನೇರಿದರೆ ಒಬ್ಬನು ಚಲನಚಿತ್ರದ ಹಾಡನ್ನು ಎಲ್ಲರಿಗೂ ಕೇಳುವಂತೆ ಹಚ್ಚಿರುತ್ತಾನೆ. ಇನ್ನೊಬ್ಬನು ಹೊಲದ ಪಾಲಿನ ವ್ಯಾಜ್ಯವನ್ನು ಬಸ್ಸಿಗೆಲ್ಲ ತಿಳಿಯುವಂತೆ ಬಿಚ್ಚಿಡುತ್ತಾನೆ. ಆಸ್ಪತ್ರೆಯಲ್ಲಿ ರೋಗಿಯ ಪ್ರಾಣಕ್ಕಾಗಿ ಮನೆಯವರು ಬಾಗಿಲ ಬಳಿ ಉಸಿರು ಬಿಗಿಹಿಡಿದು ಕುಳಿತಿರುವಾಗ ಪಕ್ಕದಲ್ಲಿ ನಗೆಯ ದೃಶ್ಯವೊಂದು ಗಟ್ಟಿಯಾಗಿ ಓಡುತ್ತಿರುತ್ತದೆ. ಆ ಮನೆಯವರ ಸಂಕಟವನ್ನು ಬಲ್ಲವರಾರು?

‘ಇಬ್ಬರು ಎದುರೆದುರು ಮಾತನಾಡಿದರೆ ಸಹಿಸುವಿರಿ, ಫೋನಿನಲ್ಲಿ ಆಡಿದರೆ ಮಾತ್ರ ತಪ್ಪೇ?’ ಎಂದು ಕೆಲವರು ಕೇಳುವುದುಂಟು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಪೂರ್ಣ ಸಂಭಾಷಣೆಗಿಂತ ಅರ್ಧ ಸಂಭಾಷಣೆಯು ಕೇಳುವವನ ಚಿತ್ತವನ್ನು ಹೆಚ್ಚು ಸೆಳೆದು ಅವನ ಕೆಲಸವನ್ನು ಕೆಡಿಸುತ್ತದೆಂದು ಕಂಡುಬಂದಿತು. ಕಾಣದ ಇನ್ನರ್ಧವನ್ನು ಮನಸ್ಸು ತಾನೇ ಊಹಿಸಲು ಹೆಣಗುತ್ತದೆ. ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಅದಿಲ್ಲ. ಆದುದರಿಂದ ಪಕ್ಕದವನು ಬೇಡವೆಂದರೂ ಕೇಳಲೇಬೇಕಾಗುತ್ತದೆ.

ಇಲ್ಲಿ ಎರಡು ಅಪರಾಧಗಳಿವೆ. ಒಂದನ್ನು ಎಲ್ಲರೂ ಬಲ್ಲರು: ಕೇಳಲೊಲ್ಲದವನ ಕಿವಿಯಲ್ಲಿ ನಮ್ಮ ಮಾತನ್ನು ಸುರಿಯುವುದು. ಎರಡನೆಯದನ್ನು ನಾವು ಎಣಿಸುವುದೇ ಇಲ್ಲ. ಸ್ಪೀಕರ್ ಹಚ್ಚಿ ಮಾತನಾಡುವಾಗ ಅತ್ತ ಕಡೆಯಲ್ಲಿರುವವಳು, ತವರಿಗೆ ಕಷ್ಟ ಹೇಳಿಕೊಳ್ಳುವ ಮಗಳೋ ಸಾಲದ ಸಂಕಟ ಹೇಳುವ ತಂಗಿಯೋ ಆಗಿರಬಹುದು. ತನ್ನ ಮಾತು ಒಬ್ಬರ ಕಿವಿಗೆ ಬೀಳುತ್ತಿದೆಯೆಂದು ನಂಬಿ ಆಕೆ ಎದೆ ತೆರೆದಿದ್ದಾಳೆ. ಆದರೆ ಅದನ್ನು ನಲವತ್ತು ಮಂದಿ ಕೇಳುತ್ತಿದ್ದಾರೆ! ನಂಬಿ ಒಪ್ಪಿಸಿದ ಗುಟ್ಟನ್ನು ಸಂತೆಯಲ್ಲಿ ಹರವಿದಂತಾಯಿತಲ್ಲವೇ? ಗದ್ದಲದಿಂದಾದ ನೋವು ಇಳಿಯುವ ನಿಲ್ದಾಣಕ್ಕೆ ಮುಗಿದೀತು. ಈ ವಿಶ್ವಾಸಭಂಗದ ಫಲವು ಒಂದು ಸಂಸಾರವನ್ನೇ ಬಾಧಿಸಬಹುದು.

ಇದಕ್ಕೆ ಸರ್ಕಾರದ ನಿಯಮಗಳೂ ಬಂದಿವೆ. 2021ರ ನವೆಂಬರದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಆದೇಶದಂತೆ ರಾಜ್ಯ ರಸ್ತೆ ಸಾರಿಗೆ ಬಸ್ಸುಗಳಲ್ಲಿ ಮೊಬೈಲಿನಿಂದ ಗಟ್ಟಿಯಾಗಿ ಹಾಡು, ದೃಶ್ಯಗಳನ್ನು ಹಚ್ಚುವುದು ನಿಷಿದ್ಧವಾಯಿತು. ರೈಲುಗಳಲ್ಲಿ ರಾತ್ರಿ 10 ಗಂಟೆಯ ಮೇಲೆ ಗಟ್ಟಿಯಾಗಿ ಮಾತನಾಡಬಾರದೆಂಬ ಸೂಚನೆ 2022ರಲ್ಲಿ ಹೊರಟಿತು. ಇವು ಬೇಕಾದುವೇ. ಆದರೆ ನಿರ್ವಾಹಕನ ಭಯದಿಂದ ತಗ್ಗಿದ ದನಿಯು ಅವನು ಬೆನ್ನು ತಿರುಗಿಸಿದೊಡನೆ ಮತ್ತೆ ಏರುತ್ತದೆ. ಪಕ್ಕದವನಲ್ಲಿಯೂ ಶಿವನಿದ್ದಾನೆಂಬ ಅರಿವಿನಿಂದ ತಗ್ಗಿದ ದನಿಗೆ ಕಾವಲು ಬೇಡ.

‘ನಾನೂ ಟಿಕೆಟ್ಟು ಕೊಂಡಿದ್ದೇನೆ’ ಎಂಬುವನು ತಾನು ಕೊಂಡದ್ದು ಆಸನವನ್ನೇ ಹೊರತು ನೆರೆಯವನ ಕಿವಿಯನ್ನಲ್ಲವೆಂದು ತಿಳಿಯಬೇಕು. ‘ತುರ್ತಿನ ಕರೆ ಬಂದರೆ?’ ಎಂದರೆ, ಅವಶ್ಯವಾಗಿ ತೆಗೆದುಕೊಳ್ಳಲಿ. ಸಾಧ್ಯವಾದರೆ ಬದಿಗೆ ಸರಿದು, ಮೆಲುದನಿಯಲ್ಲಿ, ಚುಟುಕಾಗಿ ಮುಗಿಸಲಿ. ಸುತ್ತ ಗದ್ದಲವಿದ್ದಾಗ ನಮ್ಮ ದನಿ ನಮಗರಿವಿಲ್ಲದೆಯೇ ಏರುತ್ತದೆಂಬುದನ್ನು ಫ್ರಾನ್ಸಿನ ವೈದ್ಯ ಲೊಂಬಾರ್ 1911ರಲ್ಲಿಯೇ ವಿವರಿಸಿದ್ದನು. ಆದುದರಿಂದ ಕೂಗಿ ಮಾತನಾಡುವವರೆಲ್ಲ ಗರ್ವಿಷ್ಠರಲ್ಲ, ಅನೇಕರು ತಿಳಿಯದವರು. ಅಂಥವರಿಗೆ ‘ಅಣ್ಣಾ, ಸ್ವಲ್ಪ ಮೆಲ್ಲಗೆ ಮಾತನಾಡಿರಿ’ ಎಂದರೆ ಸಾಕು. ಕೂಗುವವನ ಮೇಲೆ ಕೂಗಿದರೆ ಗದ್ದಲ ಇಮ್ಮಡಿಯಾದೀತೇ ಹೊರತು ಅಡಗದು.

ಗೃಹಸ್ಥರಾದ ನಾವು ಇಷ್ಟನ್ನು ನೇಮವಾಗಿ ಹಿಡಿಯೋಣ. ಪ್ರವಚನಕ್ಕೆ, ದಾಸೋಹದ ಪಂಕ್ತಿಗೆ, ಆಸ್ಪತ್ರೆಗೆ, ಸಾವಿನ ಮನೆಗೆ ಕಾಲಿಡುವ ಮೊದಲೇ ಫೋನಿನ ಸದ್ದನ್ನು ಅಡಗಿಸೋಣ. ಹಾಡು ಬೇಕಾದರೆ ಕಿವಿಗೆ ಇಯರ್‌ಫೋನ್ ಇಟ್ಟು ಕೇಳೋಣ. ಸ್ಪೀಕರ್ ಹಚ್ಚಲೇಬೇಕಾದಾಗ ‘ಇಲ್ಲಿ ಇತರರೂ ಇದ್ದಾರೆ’ ಎಂದು ಅತ್ತಲಿನವರಿಗೆ ಮೊದಲೇ ತಿಳಿಸೋಣ. ಬ್ಯಾಂಕಿನ ಸಂಖ್ಯೆ, ಮನೆಯ ಗುಟ್ಟುಗಳನ್ನು ನಾಲ್ವರ ನಡುವೆ ಆಡದಿರೋಣ. ಅಳುವ ಮಗುವನ್ನು ಸಮಾಧಾನಪಡಿಸಲು ಸದ್ದಿನ ಫೋನನ್ನು ಅದರ ಕೈಗೆ ಕೊಡುವ ತಾಯಿತಂದೆಗಳು, ನಾಳೆ ಆ ಮಗುವು ಅದೇ ಪಾಠವನ್ನು ಒಪ್ಪಿಸುವುದೆಂಬುದನ್ನು ನೆನೆಯಲಿ.

ವಚನವೆಂಬುದಕ್ಕೆ ಮಾತೆಂದೂ ಅರ್ಥ, ಕೊಟ್ಟ ಭಾಷೆಯೆಂದೂ ಅರ್ಥ. ಪರರ ಶಾಂತಿಯನ್ನೂ ಪರರ ಗುಟ್ಟನ್ನೂ ಕಾಯುವೆವೆಂಬ ಭಾಷೆಯನ್ನು ಇಂದು ನಮ್ಮೊಳಗೆ ನಾವೇ ಕೊಟ್ಟುಕೊಳ್ಳೋಣ. ಆಗ ನಮ್ಮ ಕೈಯ ಜಂಗಮವಾಣಿಯು ತನ್ನ ಹೆಸರಿಗೆ ಯೋಗ್ಯವಾದೀತು.