ಬಿಡುಗಡೆಯ ಬೆಲೆ

ಸೆರೆಯಿಂದ ಪಾರಾದವರ ಕಥೆಯು ಎಲ್ಲ ಕಾಲದ ಜನರಿಗೂ ಪ್ರಿಯವಾದುದು. 1979ರ ನವೆಂಬರಿನಲ್ಲಿ ಇರಾನಿನ ತೆಹರಾನ್ ನಗರದಲ್ಲಿ ಅಮೆರಿಕದ ರಾಯಭಾರ ಕಚೇರಿಯು ವಿದ್ಯಾರ್ಥಿಗಳ ವಶವಾದಾಗ, ಆರು ಮಂದಿ ಅಧಿಕಾರಿಗಳು ಸೆರೆಗೆ ಸಿಕ್ಕದೆ ಕೆನಡಾ ರಾಯಭಾರಿಯ ಆಶ್ರಯ ಪಡೆದು, 1980ರ ಜನವರಿಯಲ್ಲಿ ಆ ದೇಶದ ರಹದಾರಿಗಳ ಸಹಾಯದಿಂದ ಹೊರಬಿದ್ದರು. ಮರುವರ್ಷವೇ ಅದು ದೂರದರ್ಶನದ ನಾಟಕವಾಯಿತು. ಅದನ್ನು ನೋಡುವವರ ಸಂತೋಷಕ್ಕೆ ಕಳಂಕವಿಲ್ಲ. ಆ ಬಿಡುಗಡೆಯು ಉಪಾಯದಿಂದ ದೊರೆತದ್ದು. ಬಿಡುಗಡೆಯನ್ನು ಬೆಲೆ ತೆತ್ತು ಕೊಳ್ಳಬೇಕಾದಾಗ ಧರ್ಮದ ಪ್ರಶ್ನೆಯು ತಲೆದೋರುತ್ತದೆ. ಅಂಥ ಪ್ರಶ್ನೆಯೊಂದು ಮೈಸೂರು ನಗರದ ನ್ಯಾಯಾಲಯದಲ್ಲೇ ಹುಟ್ಟಿತು.

2000ನೆಯ ಇಸವಿಯ ಜುಲೈ 30ರ ರಾತ್ರಿ ನಟ ರಾಜಕುಮಾರರನ್ನು ವೀರಪ್ಪನ್ ಗಾಜನೂರಿನಿಂದ ಕಾಡಿಗೆ ಒಯ್ದನು. ಅವನು ಕೇಳಿದ ಬೆಲೆಯಲ್ಲಿ, ಟಾಡಾ ಕಾಯಿದೆಯ ಮೇಲೆ ಮೈಸೂರಿನಲ್ಲಿ ಸೆರೆಯಲ್ಲಿದ್ದವರ ಬಿಡುಗಡೆಯೂ ಒಂದು. ನಟನಿಗೆ ಕೇಡಾದರೆ ಕನ್ನಡಿಗರಿಗೂ ತಮಿಳರಿಗೂ ಕಲಹವಾದೀತೆಂದು ಅಂಜಿ ಸರ್ಕಾರವು ಆಪಾದನೆಗಳನ್ನು ಹಿಂತೆಗೆಯಲು ಒಪ್ಪಿತು; ಮೈಸೂರಿನ ವಿಶೇಷ ನ್ಯಾಯಾಲಯವೂ ಅನುಮತಿಯಿತ್ತಿತು. ಆಗ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕವರು ಅಬ್ದುಲ್ ಕರೀಂ. ಅವರ ಮಗನಾದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ 1992ರಲ್ಲಿ ವೀರಪ್ಪನ್ ತಂಡಕ್ಕೆ ಬಲಿಯಾಗಿದ್ದರು. ನವೆಂಬರ್ 7ರಂದು ನ್ಯಾಯಾಲಯವು ಆ ಅನುಮತಿಯನ್ನು ರದ್ದುಪಡಿಸಿತು.

ಇಲ್ಲಿ ಒಂದು ಕಡೆ ನಾಡಿನ ಪ್ರೀತಿಗೆ ಪಾತ್ರರಾದವರ ಪ್ರಾಣ. ಇನ್ನೊಂದು ಕಡೆ ಮಗನನ್ನು ಕಳೆದುಕೊಂಡ ತಂದೆಯ ದೂರು. ಬದುಕಿರುವವನನ್ನು ಉಳಿಸುವುದು ಸತ್ತವನಿಗೆ ನ್ಯಾಯ ಕೊಡುವುದಕ್ಕಿಂತ ಮೇಲೆಂಬ ವಾದವು ಹಗುರವಾದುದಲ್ಲ. ಆದರೆ ತೆರುವ ಬೆಲೆ ಯಾರದೆಂಬುದನ್ನು ನೋಡಬೇಕು. ತನ್ನ ಒಡವೆಯನ್ನು ಕೊಟ್ಟು ಬಂಧುವನ್ನು ಬಿಡಿಸಿಕೊಳ್ಳುವವನು ದಾನಿ. ನೆರೆಯವನು ಕಾಪಾಡೆಂದು ಇಟ್ಟ ಗಂಟನ್ನು ಕೊಟ್ಟು ಬಿಡಿಸಿಕೊಳ್ಳುವವನು ದಾನಿಯಲ್ಲ. ನ್ಯಾಯವು ಆಳುವವರ ಆಸ್ತಿಯಲ್ಲ. ಪ್ರಜೆಗಳು ಅವರಲ್ಲಿ ಇಟ್ಟಿರುವ ನ್ಯಾಸ.

ಸೆರೆಯಲ್ಲಿದ್ದವರ ಪಾಡನ್ನೂ ಮರೆಯಲಾಗದು. ತೀರ್ಪಿಲ್ಲದೆ ಅವರನ್ನು ವರ್ಷಗಟ್ಟಲೆ ಕೂಡಿಹಾಕಿದ್ದು ಇನ್ನೊಂದು ಅನ್ಯಾಯ. 2001ರಲ್ಲಿ ವಿಚಾರಣೆ ಮುಗಿದಾಗ ಅವರಲ್ಲಿ ಬಹುಪಾಲಿನವರು ನಿರ್ದೋಷಿಗಳೆಂದು ಹೊರಬಂದರು. ಹಿಂದಿನ ವರ್ಷವೇ ಒತ್ತೆಗೆ ಬದಲಾಗಿ ಬಿಟ್ಟಿದ್ದರೆ ಅವರು ಬೇಗ ಮನೆ ಸೇರುತ್ತಿದ್ದರು. ಆದರೆ ಕಳ್ಳನ ಕಡೆಯವರೆಂಬ ಹೆಸರು ಹೊತ್ತೇ ಸೇರುತ್ತಿದ್ದರು. ಅವರಿಗೆ ಸಲ್ಲಬೇಕಾಗಿದ್ದುದು ಶೀಘ್ರವಾದ ವಿಚಾರಣೆ, ವೀರಪ್ಪನ ಕೃಪೆಯಲ್ಲ.

ರಾಜಕುಮಾರರು 108 ದಿನಗಳ ಬಳಿಕ, ನವೆಂಬರ್ 15ರಂದು, ಕ್ಷೇಮವಾಗಿ ಬಿಡುಗಡೆಯಾದರು. ಫಲವು ಶುಭವಾಯಿತೆಂದು ತೀರ್ಪನ್ನು ಹೊಗಳುವುದು ಸುಲಭ. ಅವರು ಹಿಂತಿರುಗದೆ ಹೋಗಿದ್ದರೂ ಆ ತೀರ್ಪನ್ನು ಸರಿಯೆನ್ನಬಲ್ಲವನೇ ಅದನ್ನು ಒಪ್ಪಿದವನು. ಹಾಗೆ ಹೇಳುವುದು ಬಹು ಕಷ್ಟ. ಆದರೆ ಅಬ್ದುಲ್ ಕರೀಮರಿಗೆ ಮಗನು ಹೇಗೂ ಹಿಂತಿರುಗುವಂತಿರಲಿಲ್ಲ.